ಪ್ರಾಯೋಜಕರು ಗೋಷ್ಠಿಯ ವೇದಿಕೆಯನ್ನೇ ಕೇಳಿದರೆ ಏನು ಮಾಡಬೇಕು?

ಪ್ರಶ್ನೆ (ಕದ್ರಿ, ಮಂಗಳೂರು)

ಆರೋಗ್ಯ ಮತ್ತು ಜೀವನಶೈಲಿಯ ಮಾಧ್ಯಮ ಸಂಸ್ಥೆಯೊಂದರ ಕಾರ್ಯಕ್ರಮ ಮಾರಾಟ ವಿಭಾಗಕ್ಕೆ ಸೇರಿ ನನಗೆ ಐದು ತಿಂಗಳಾಯಿತು. ಎಂ.ಜಿ. ರಸ್ತೆಯ ಸಭಾಂಗಣದಲ್ಲಿ ಎರಡು ದಿನ ನಡೆಯಲಿರುವ ಆರೋಗ್ಯ ಮೇಳಕ್ಕೆ ಮಳಿಗೆಗಳನ್ನೂ ಪ್ರಾಯೋಜಕತ್ವವನ್ನೂ ಮಾರುವುದು ನನ್ನ ಕೆಲಸ. ಮಳಿಗೆಗಳು ತಕ್ಕಮಟ್ಟಿಗೆ ಹೋಗಿವೆ, ಮುಖ್ಯ ಪ್ರಾಯೋಜಕರು ಮಾತ್ರ ಸಿಕ್ಕಿಲ್ಲ. ಈಗ ಗಿಡಮೂಲಿಕೆ ಪುಡಿ ತಯಾರಿಸುವವರೊಬ್ಬರು ಪೂರ್ತಿ ಮೊತ್ತ ಕೊಡಲು ಮುಂದೆ ಬಂದಿದ್ದಾರೆ. ಆದರೆ ಮಧುಮೇಹದ ಗೋಷ್ಠಿಯಲ್ಲಿ ತಮ್ಮ ಕಡೆಯವರೇ ಅರ್ಧ ಗಂಟೆ ಮಾತನಾಡಿ, ಆ ಪುಡಿಯಿಂದ ಸಕ್ಕರೆ ಕಾಯಿಲೆ ಗುಣವಾಗುತ್ತದೆಂದು ಹೇಳಬೇಕೆಂಬುದು ಅವರ ಷರತ್ತು. ನನ್ನ ಅಜ್ಜಿ ಇಂಥದೇ ಮಾತು ನಂಬಿ ಮಾತ್ರೆ ನಿಲ್ಲಿಸಿ, ಕೊನೆಗೆ ಕಾಲಿನ ಬೆರಳು ಕಳೆದುಕೊಂಡವರು. ಈ ಷರತ್ತಿಗೆ ಹೇಗೆ ಉತ್ತರಿಸಲಿ?

ಉತ್ತರ 1 (ಮಣಿಪಾಲ)

ಒಪ್ಪಬೇಡಿ, ಒಪ್ಪದಿರಲು ಕಾನೂನಿನ ಬಲವೂ ನಿಮಗಿದೆ. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಅನುಸೂಚಿಯಲ್ಲಿ ಮಧುಮೇಹ, ಬೊಜ್ಜು, ರಕ್ತದೊತ್ತಡ, ಕ್ಯಾನ್ಸರ್ ಎಲ್ಲವೂ ಇವೆ. ಇವನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಮಾಡುವಂತಿಲ್ಲ. ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿಯೆಂದರೆ, ಆ ಕಾಯ್ದೆಯ ಪ್ರಕಾರ ಬಾಯಿಮಾತಿನ ಪ್ರಕಟಣೆಯೂ ಜಾಹೀರಾತೇ ಆಗಿದ್ದು, ಅದರಲ್ಲಿ ಪಾಲ್ಗೊಂಡವರೂ ಹೊಣೆಗಾರರಾಗುತ್ತಾರೆ. ಅಂದರೆ ಮೈಕು ಕೊಟ್ಟ ನಿಮ್ಮ ಸಂಸ್ಥೆಯೂ ಸಿಕ್ಕಿಕೊಳ್ಳಬಹುದು. ಇದನ್ನು ನಿಮ್ಮ ಮೇಲಧಿಕಾರಿಗಳಿಗೆ ಬರವಣಿಗೆಯಲ್ಲೇ ತಿಳಿಸಿ.

ಇನ್ನು ಮಾರಾಟದ ಮಾತು. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ಪ್ರವೇಶದ್ವಾರದ ಹೆಸರು, ರಕ್ತದೊತ್ತಡ ತಪಾಸಣೆಯ ಮೂಲೆ, ಯೋಗದ ಅಂಗಳ, ಸಿರಿಧಾನ್ಯದ ಊಟದ ಸಾಲು ಇವೆಲ್ಲ ಮಾರಬಹುದಾದ ಸರಕು. ಗೋಷ್ಠಿಯಲ್ಲಿ ಯಾರು ಮಾತನಾಡುತ್ತಾರೆಂಬುದು ಸಂಪಾದಕೀಯ ವಿಭಾಗಕ್ಕೇ ಬಿಟ್ಟ ವಿಷಯ, ಅದಕ್ಕೆ ದರಪಟ್ಟಿಯಲ್ಲಿ ಜಾಗವೇ ಇರಬಾರದು. ಆಯುರ್ವೇದದ ಬಗ್ಗೆಯೇ ಮಾತು ಬೇಕಿದ್ದರೆ, 1958ರಿಂದ ನಡೆಯುತ್ತಿರುವ ಕುತ್ಪಾಡಿಯ ಆಯುರ್ವೇದ ಕಾಲೇಜಿನ ಅಧ್ಯಾಪಕರನ್ನು ಸಂಪಾದಕರು ಕರೆಯಲಿ. ಪುಡಿಯವರಿಗೆ ಮಳಿಗೆ ಕೊಡಬಹುದು, ಆದರೆ ಫಲಕದಲ್ಲಿಯೂ ಗುಣವಾಗುತ್ತದೆ ಎಂಬ ಮಾತು ಇರಕೂಡದೆಂದು ಒಪ್ಪಂದದಲ್ಲಿಯೇ ಬರೆಸಿ.

ಉತ್ತರ 2 (ಸುರತ್ಕಲ್)

ಮುಖ್ಯ ಪ್ರಾಯೋಜಕರು ಸಿಗದಿರುವುದಕ್ಕೆ ಸಮಯವೂ ಕಾರಣವಿರಬಹುದು. ದೊಡ್ಡ ಆಸ್ಪತ್ರೆಗಳೂ ವಿಮಾ ಕಂಪೆನಿಗಳೂ ಪ್ರಚಾರದ ವರ್ಷದ ಖರ್ಚನ್ನು ಏಪ್ರಿಲ್‌ಗೆ ಮುಂಚೆಯೇ ನಿಗದಿ ಮಾಡುವುದರಿಂದ, ಮೇಳಕ್ಕೆ ಎರಡು ತಿಂಗಳಿರುವಾಗ ಹೋದರೆ ಉಳಿದ ಚಿಲ್ಲರೆಯಷ್ಟೇ ಸಿಗುತ್ತದೆ. ಒಬ್ಬರೇ ಪೂರ್ತಿ ಮೊತ್ತ ಕೊಡಲಿ ಎಂದು ಕಾಯುವ ಬದಲು ಅದನ್ನು ಮೂವರಿಗೆ ಹಂಚಿ ಕೇಳಿ. ದರದ ಮೇಲೆ ಶೇ. 18 ಜಿಎಸ್‌ಟಿ ಇರುವುದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಕಾಯ್ದೆಯ ವಿಷಯ ಬರೆದು ಮೇಲಧಿಕಾರಿಗಳಿಗೆ ಇಂದು ಬೆಳಿಗ್ಗೆ ಕಳುಹಿಸಿದ್ದೇನೆ. ಪುಡಿಯವರಿಗೆ ಮಳಿಗೆ ಮಾತ್ರ ಸಾಧ್ಯವೆಂದು ತಿಳಿಸಿದೆ, ಅವರ ಉತ್ತರ ಇನ್ನೂ ಬಂದಿಲ್ಲ. ಮೊತ್ತವನ್ನು ಮೂರು ಪಾಲು ಮಾಡಿದ ಹೊಸ ಪ್ರಸ್ತಾವನೆ ಹಿಡಿದು ನಾಳೆ ಕಂಕನಾಡಿಯ ಎರಡು ಪ್ರಯೋಗಾಲಯಗಳಿಗೆ ಹೋಗುತ್ತಿದ್ದೇನೆ.