ಕೇರಂ ಲೀಗ್: ಒಂದೇ ಫಲಿತಾಂಶಕ್ಕೆ ಎರಡು ಅಂಕಪಟ್ಟಿ, ಕೆಳಗಿನ ವಿಭಾಗಕ್ಕೆ ಇಳಿಯಬೇಕಾದವರು ಯಾರು?

ಡೊಂಬಿವಲಿ ಲೆಕ್ಕಿಗ:
ನಮ್ಮ ಕನ್ನಡ ಬಳಗದ ಕೇರಂ ಲೀಗಿನಲ್ಲಿ ಮೊದಲನೆಯ ವಿಭಾಗದ ಪಂದ್ಯಗಳು ಮುಗಿದಿವೆ. ಹತ್ತು ಆಟಗಾರರು, ಎಲ್ಲರೂ ಎಲ್ಲರೊಂದಿಗೆ ಒಮ್ಮೆ, ಮೂರು ಗೇಮ್‌ಗಳ ಪಂದ್ಯ, ಗೆಲುವಿಗೆ 2 ಅಂಕ. ಏಳು, ಎಂಟು, ಒಂಬತ್ತನೆಯ ಸ್ಥಾನದಲ್ಲಿರುವ ಮೂವರಿಗೂ 8 ಅಂಕಗಳಿವೆ. ಅವರನ್ನು ಕ, ಖ, ಗ ಎಂದು ಕರೆಯುತ್ತೇನೆ. ನನ್ನ ಎಕ್ಸೆಲ್ ಹಾಳೆಯಲ್ಲಿ ಖ ಕೊನೆಗೆ ಬರುತ್ತಾರೆ, ಅಂಪೈರುಗಳು ಬರೆದಿಟ್ಟ ಹಾಳೆಯಲ್ಲಿ ಕ ಕೊನೆಗೆ ಬರುತ್ತಾರೆ. ಸೂತ್ರಗಳನ್ನೆಲ್ಲ ಮತ್ತೆ ಮತ್ತೆ ನೋಡಿದ್ದೇನೆ, ಕೂಡುವಿಕೆಯಲ್ಲಿ ತಪ್ಪಿಲ್ಲ. ಭಾನುವಾರದೊಳಗೆ ಪಟ್ಟಿ ಹಾಕಬೇಕು, ಈಗಾಗಲೇ ಇಬ್ಬರು ಮಾತು ಬಿಟ್ಟಿದ್ದಾರೆ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಮುಲುಂಡ್ ಅಂಪೈರ್:
ಇದು ರಾಣಿಯ ಅಂಕದ ಗೊಂದಲವೇ ಆಗಿರಬೇಕು. 1988ರಲ್ಲಿ ಚೆನ್ನೈನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕೇರಂ ಒಕ್ಕೂಟದ ನಿಯಮದಂತೆ ಬೋರ್ಡ್ (ಕಾಯಿ ಜೋಡಿಸಿ ಆಡುವ ಒಂದು ಸುತ್ತು) ಗೆದ್ದವರಿಗೆ ಎದುರಾಳಿಯ ಉಳಿದ ಒಂದೊಂದು ಕಾಯಿಗೆ ಒಂದು ಅಂಕ, ಕವರ್ ಮಾಡಿದ ರಾಣಿಗೆ 3 ಅಂಕ. ಆದರೆ ಆಟಗಾರನ ಅಂಕ 22 ಮುಟ್ಟಿದ ಮೇಲೆ ರಾಣಿಯ ಮೂರು ಅಂಕ ಸೇರುವುದಿಲ್ಲ. ಮನೆಯಲ್ಲಿ ಕಪ್ಪಿಗೆ ಹತ್ತು, ಬಿಳಿಗೆ ಇಪ್ಪತ್ತು, ರಾಣಿಗೆ ಐವತ್ತು ಎಂದು ಆಡಿ ಬೆಳೆದವರು ಈ ನಿಯಮವನ್ನು ಮರೆಯುತ್ತಾರೆ. ಬೋರ್ಡುವಾರು ಚೀಟಿಗಳನ್ನು ತೆಗೆದು ನೋಡಿ.

ಮಾಟುಂಗಾ ಸ್ಟ್ರೈಕರ್:
ಲೆಕ್ಕಿಗರೇ, ಅಂಕ ಸಮವಾದಾಗ ನಿಮ್ಮ ನಿಯಮ ಏನು ಹೇಳುತ್ತದೆ? ಮತ್ತೊಂದು ಪ್ರಶ್ನೆ: ಹತ್ತು ಜನರೂ ತಮ್ಮ ಒಂಬತ್ತು ಪಂದ್ಯಗಳನ್ನು ನಿಜವಾಗಿ ಆಡಿದ್ದಾರೆಯೇ?

ಡೊಂಬಿವಲಿ ಲೆಕ್ಕಿಗ:
ಅಂಕ ಸಮವಾದರೆ ನಿವ್ವಳ ಅಂಕ, ಅಂದರೆ ಎಲ್ಲ ಗೇಮ್‌ಗಳಲ್ಲಿ ಗಳಿಸಿದ್ದರಿಂದ ಬಿಟ್ಟುಕೊಟ್ಟದ್ದನ್ನು ಕಳೆದದ್ದು. ನಿಯಮದಲ್ಲಿ ಬರೆದಿರುವುದು ಅಷ್ಟೇ. ಮುಲುಂಡ್ ಸರ್, ಚೀಟಿಗಳನ್ನು ನೋಡಿದೆ. 22 ದಾಟಿದ ಮೇಲೆ ಯಾರೂ ರಾಣಿಯ ಅಂಕ ಸೇರಿಸಿಲ್ಲ.

ಮುಲುಂಡ್ ಅಂಪೈರ್:
ಹಾಗಿದ್ದರೆ ಗೇಮ್ ಮುಗಿಯುವ 25ರ ಮಿತಿಯನ್ನು ನೋಡಿ. 21ರಲ್ಲಿದ್ದವನು ಒಂದೇ ಬೋರ್ಡಿನಲ್ಲಿ ಒಂಬತ್ತು ಕಾಯಿ ಮತ್ತು ರಾಣಿಯೊಂದಿಗೆ 12 ಗಳಿಸಿದರೆ ಮೊತ್ತ 33 ಆಗುತ್ತದೆ, ಆದರೆ ಬರೆಯಬೇಕಾದದ್ದು 25. ಒಂದು ಹಾಳೆಯಲ್ಲಿ 33 ಎಂದೂ ಇನ್ನೊಂದರಲ್ಲಿ 25 ಎಂದೂ ಇದ್ದರೆ ನಿವ್ವಳ ಅಂಕ ಬದಲಾಗದೆ ಇರುತ್ತದೆಯೇ? ನಾನು ಇದನ್ನು ಎಷ್ಟೋ ಕೂಟಗಳಲ್ಲಿ ಕಂಡಿದ್ದೇನೆ.

ಕೊತ್ರೂಡ್ ಕೇರಂ ಕಟ್ಟೆ:
ಪುಣೆಯಲ್ಲಿ ನಾವು ನಿವ್ವಳ ಅಂಕವನ್ನು ಎರಡನೆಯ ಹಂತಕ್ಕೆ ಇಟ್ಟಿದ್ದೇವೆ. ಮೊದಲು ಸಮಬಲದವರ ಪರಸ್ಪರ ಪಂದ್ಯದ ಫಲಿತಾಂಶವನ್ನು ನೋಡುತ್ತೇವೆ. ಕಾರಣ ಸರಳ. ಗೇಮ್ ಮುಗಿಯುವುದು 25 ಅಂಕಕ್ಕೆ ಅಥವಾ ಎಂಟು ಬೋರ್ಡಿಗೆ. ಮಳೆಗಾಲದಲ್ಲಿ ಪ್ಲೈವುಡ್ ತೇವ ಹೀರುತ್ತದೆ, ಪೌಡರ್ ಸಣ್ಣ ಸಣ್ಣ ಗಂಟು ಕಟ್ಟುತ್ತದೆ, ಪಾಕೆಟ್ಟಿನ ಬಾಯಿಗೆ ಬಂದ ಕಾಯಿ ಅಲ್ಲೇ ನಿಂತುಬಿಡುತ್ತದೆ. ಆಗ ಗೇಮ್‌ಗಳು ಎಂಟನೆಯ ಬೋರ್ಡಿಗೆ 14–11ರಂತೆ ಮುಗಿಯುತ್ತವೆ. ಒಣ ಬೋರ್ಡಿನ ಮೇಲೆ ಡಿಸೆಂಬರಿನಲ್ಲಿ ಆಡಿದವನು 25–6ಕ್ಕೆ ಗೆದ್ದು ಬರುತ್ತಾನೆ. ಎರಡನ್ನೂ ಒಂದೇ ಕಂಬಸಾಲಿನಲ್ಲಿ ಕೂಡಿಸುವುದು ನ್ಯಾಯವಲ್ಲ. ನಾವು ಪ್ರತಿ ಬೋರ್ಡಿನ ಮೇಲೆ ದೀಪ ತೂಗುಹಾಕಿದ್ದು ಬೆಳಕಿಗಷ್ಟೇ ಅಲ್ಲ, ಆಟಕ್ಕೆ ಮುಂಚೆ ಬೋರ್ಡ್ ಬೆಚ್ಚಗಾಗಲಿ ಎಂದು ಕೂಡ.

ಡೊಂಬಿವಲಿ ಲೆಕ್ಕಿಗ:
ಪರಸ್ಪರ ಪಂದ್ಯದಿಂದ ನಮಗೆ ಉತ್ತರ ಸಿಗುವುದಿಲ್ಲ. ಕ ಅವರು ಖ ಅವರನ್ನು ಸೋಲಿಸಿದ್ದಾರೆ, ಖ ಅವರು ಗ ಅವರನ್ನು, ಗ ಅವರು ಕ ಅವರನ್ನು. ಎರಡೂ ಹಾಳೆಗಳಲ್ಲಿ 25ಕ್ಕಿಂತ ದೊಡ್ಡ ಸಂಖ್ಯೆ ಒಂದೂ ಇಲ್ಲ.

ಮಾಟುಂಗಾ ಸ್ಟ್ರೈಕರ್:
ನನ್ನ ಎರಡನೆಯ ಪ್ರಶ್ನೆಗೆ ಉತ್ತರ ಬಂದಿಲ್ಲ. ವಾಕ್‌ಓವರ್, ಅಂದರೆ ಎದುರಾಳಿ ಆಡದೆ ಸಿಕ್ಕ ಗೆಲುವು, ಏನಾದರೂ ಇದೆಯೇ?

ಡೊಂಬಿವಲಿ ಲೆಕ್ಕಿಗ:
ಇದೆ. ಹತ್ತನೆಯ ಆಟಗಾರರಿಗೆ ವರ್ಗವಾಗಿ ನಾಗಪುರಕ್ಕೆ ಹೋದರು. ಅವರು ನಾಲ್ಕು ಪಂದ್ಯ ಆಡಿದ್ದರು. ಉಳಿದ ಐವರಿಗೆ ಗೆಲುವು ಕೊಟ್ಟೆವು. ಕ ಆ ಐವರಲ್ಲಿ ಒಬ್ಬರು. ಖ ಆ ಹತ್ತನೆಯವರ ಮೇಲೆ 25–18, 19–25, 25–21ರಿಂದ ಗೆದ್ದಿದ್ದರು. ಗ ಆ ಹತ್ತನೆಯವರಿಗೆ ಸೋತಿದ್ದರು, ನಿವ್ವಳ 8 ಅಂಕ ಕಳೆದುಕೊಂಡು.

ಮಾಟುಂಗಾ ಸ್ಟ್ರೈಕರ್:
ರೋಗ ಇಲ್ಲಿದೆ. ನೀವು ವಾಕ್‌ಓವರನ್ನು 25–0, 25–0 ಎಂದು ಬರೆದಿರಬೇಕು, ಅಂಪೈರುಗಳು ಆ ಚೌಕಗಳನ್ನು ಖಾಲಿ ಬಿಟ್ಟಿರಬೇಕು. ಮೂವರ ನಿವ್ವಳ ಅಂಕಗಳನ್ನು ಕೊಡಿ.

ಡೊಂಬಿವಲಿ ಲೆಕ್ಕಿಗ:
ಹೌದು, ಹಾಗೆಯೇ ಇದೆ. ನನ್ನ ಹಾಳೆಯಲ್ಲಿ ಕ +9, ಗ −18, ಖ −22. ಅಂಪೈರುಗಳ ಹಾಳೆಯಲ್ಲಿ ಗ −18, ಖ −22, ಕ −41.

ಮಾಟುಂಗಾ ಸ್ಟ್ರೈಕರ್:
ಸ್ಟ್ರೈಕರ್ ಮುಟ್ಟದ ಕ ಅವರಿಗೆ 50 ನಿವ್ವಳ ಅಂಕ ಬಂತು. ಅದೇ ಎದುರಾಳಿಯ ಮುಂದೆ ಕೂತು ಮೂರು ಗೇಮ್ ಹೋರಾಡಿ ಗೆದ್ದ ಖ ಅವರಿಗೆ ಬಂದದ್ದು 5. ಇಷ್ಟು ಅಂತರವನ್ನು ಯಾವ ಆಟಗಾರನೂ ಒಂದೇ ಪಂದ್ಯದಲ್ಲಿ ತುಂಬಿಕೊಳ್ಳಲಾರ. ಎಲ್ಲರೂ ಎಲ್ಲರೊಂದಿಗೆ ಆಡುವ ಚೆಸ್‌ನ ರೌಂಡ್ ರಾಬಿನ್ ಪಂದ್ಯಾವಳಿಗಳಲ್ಲಿ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ಇದಕ್ಕೆ ಸ್ಪಷ್ಟವಾದ ವ್ಯವಸ್ಥೆ ಮಾಡಿದೆ: ಅರ್ಧಕ್ಕಿಂತ ಕಡಿಮೆ ಆಟಗಳನ್ನು ಆಡಿ ಒಬ್ಬರು ಹಿಂದೆ ಸರಿದರೆ ಅವರ ಫಲಿತಾಂಶಗಳು ದಾಖಲೆಯಲ್ಲಿ ಉಳಿಯುತ್ತವೆ, ಆದರೆ ಸ್ಥಾನ ನಿರ್ಣಯಕ್ಕೆ ಲೆಕ್ಕವಿಲ್ಲ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಆಡಿದ್ದರೆ ಉಳಿದವು ಎದುರಾಳಿಗಳ ಗೆಲುವಾಗುತ್ತವೆ. ನಿಮ್ಮವರು ಆಡಿದ್ದು ಒಂಬತ್ತರಲ್ಲಿ ನಾಲ್ಕು. ಆ ಕ್ರಮದಲ್ಲಿ ಲೆಕ್ಕ ಹಾಕಿದರೆ 45 ಪಂದ್ಯಗಳು 36 ಆಗುತ್ತವೆ. ಗ 8 ಅಂಕದಲ್ಲಿ ಉಳಿಯುತ್ತಾರೆ. ಕ ಮತ್ತು ಖ 6ಕ್ಕೆ ಇಳಿಯುತ್ತಾರೆ, ನಿವ್ವಳದಲ್ಲಿ ಖ −27, ಕ −41.

ಕೊತ್ರೂಡ್ ಕೇರಂ ಕಟ್ಟೆ:
ಆಗ ಸಮಬಲದಲ್ಲಿ ಉಳಿಯುವವರು ಇಬ್ಬರೇ, ಮತ್ತು ಅವರ ಪರಸ್ಪರ ಪಂದ್ಯವನ್ನು ಗೆದ್ದವರು ಕ. ನಮ್ಮ ಪದ್ಧತಿಯಲ್ಲಾದರೆ ಕ ಮೇಲಿರುತ್ತಾರೆ.

ಮುಲುಂಡ್ ಅಂಪೈರ್:
ನಿಮ್ಮ ಪದ್ಧತಿ ಪುಣೆಯಲ್ಲಿ ಇರಲಿ. ಲೀಗ್ ಮುಗಿದ ಮೇಲೆ, ಯಾವ ನಿಯಮ ತಂದರೆ ಯಾರು ಉಳಿಯುತ್ತಾರೆ ಎಂಬುದು ಎಲ್ಲರಿಗೂ ಕಾಣುತ್ತಿರುವಾಗ, ಹೊಸ ನಿಯಮ ತರುವುದನ್ನು ನಾನು ಒಪ್ಪುವುದಿಲ್ಲ. ಫಿಡೆಯದ್ದಾಗಲಿ, ಕೊತ್ರೂಡಿನದ್ದಾಗಲಿ, ಎರಡಕ್ಕೂ ಇದೇ ಮಾತು. ಬರೆದಿರುವುದು ನಿವ್ವಳ ಅಂಕ. ಆಡದ ಪಂದ್ಯಕ್ಕೆ ನಿವ್ವಳ ಎಲ್ಲಿಂದ ಬರಬೇಕು? ಅಂಪೈರುಗಳ ಹಾಳೆಯೇ ಸರಿ.

ಕೊತ್ರೂಡ್ ಕೇರಂ ಕಟ್ಟೆ:
ಆಡದ ಪಂದ್ಯಕ್ಕೆ ನಿವ್ವಳ ಇಲ್ಲವೆಂದರೆ 2 ಅಂಕ ಮಾತ್ರ ಎಲ್ಲಿಂದ ಬಂತು, ಸರ್? ಸೋತ ಗ ಅವರಿಗೆ ಆ ಅಂಕ ಸಿಗಲಿಲ್ಲ. ಮನೆಯಲ್ಲಿದ್ದ ಐವರಿಗೆ ಸಿಕ್ಕಿತು.

ಮಾಟುಂಗಾ ಸ್ಟ್ರೈಕರ್:
ಇಬ್ಬರ ಮಾತಿನಲ್ಲೂ ತೂಕವಿದೆ. ಆದ್ದರಿಂದ ಮೊದಲು ಕೆಳಗಿಳಿಯುವವರು ಎಷ್ಟು ಜನ ಎಂಬುದನ್ನು ತೀರ್ಮಾನಿಸಿ. ನಿಮ್ಮಲ್ಲಿ ಮೊದಲ ವಿಭಾಗದಿಂದ ಇಬ್ಬರು ಇಳಿದು, ಎರಡನೆಯದರಿಂದ ಇಬ್ಬರು ಏರುತ್ತಾರೆ ಎಂದು ಭಾವಿಸುತ್ತೇನೆ. ಬಿಟ್ಟುಹೋದವರನ್ನು ಇಳಿದವರಲ್ಲಿ ಒಬ್ಬರೆಂದು ಎಣಿಸಿದರೆ ಇನ್ನೊಬ್ಬರು ಮಾತ್ರ ಇಳಿಯಬೇಕು, ವಿಭಾಗ ಮತ್ತೆ ಹತ್ತಕ್ಕೆ ಸರಿಹೋಗುತ್ತದೆ. ಎಣಿಸದಿದ್ದರೆ ಇಬ್ಬರು ಇಳಿಯುತ್ತಾರೆ, ವಿಭಾಗದಲ್ಲಿ ಒಂಬತ್ತೇ ಜನ ಉಳಿಯುತ್ತಾರೆ. ಒಬ್ಬರೇ ಇಳಿಯುವುದಾದರೆ ಗಮನಿಸಿ: ಯಾವ ಲೆಕ್ಕದಲ್ಲೂ ಗ ಒಂಬತ್ತನೆಯವರಲ್ಲ. ವಿವಾದ ಕ ಮತ್ತು ಖ ನಡುವೆ ಮಾತ್ರ. ಅವರಿಬ್ಬರೂ ಒಪ್ಪಿದರೆ ಮೂರು ಗೇಮ್‌ಗಳ ಒಂದು ನಿರ್ಣಾಯಕ ಪಂದ್ಯ ಆಡಿಸಿ. ಹೊಸ ನಿಯಮವನ್ನು ಮುಂದಿನ ಲೀಗಿನ ಮೊದಲ ಬ್ರೇಕಿಗೆ ಮುನ್ನ ಬರೆದು ಎಲ್ಲರ ಸಹಿ ಪಡೆಯಿರಿ.

ಡೊಂಬಿವಲಿ ಲೆಕ್ಕಿಗ:
ಸಮಿತಿಯವರೊಂದಿಗೆ ಮಾತನಾಡಿದೆ. ಬಿಟ್ಟುಹೋದವರನ್ನು ಹತ್ತನೆಯವರೆಂದೇ ಎಣಿಸುತ್ತೇವೆ, ಇನ್ನೊಬ್ಬರು ಮಾತ್ರ ಇಳಿಯುತ್ತಾರೆ. ಖ ಆಡಲು ತಕ್ಷಣ ಒಪ್ಪಿದರು. ಕ, ತಾನು ಒಮ್ಮೆ ಗೆದ್ದಿರುವವರೊಂದಿಗೆ ಮತ್ತೆ ಏಕೆ ಆಡಬೇಕು ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಎರಡೂ ಹಾಳೆಗಳನ್ನು ಅವರ ಮುಂದಿಟ್ಟು ಸಾಲು ಸಾಲಾಗಿ ತೋರಿಸಿದ ಮೇಲೆ ಒಪ್ಪಿದ್ದಾರೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪಂದ್ಯ.

ಮುಲುಂಡ್ ಅಂಪೈರ್:
ಹಾಗಾದರೆ ಹೊರಗಿನ ಅಂಪೈರ್ ಇರಲಿ, ನಾನು ಬರುತ್ತೇನೆ. ಟಾಸನ್ನು ಮುಷ್ಟಿಯಲ್ಲಿ ಕಾಯಿ ಮುಚ್ಚಿಯೇ ಮಾಡೋಣ. ಎಂಟು ಬೋರ್ಡಿಗೆ ಅಂಕ ಸಮವಾದರೆ ಹೆಚ್ಚುವರಿ ಬೋರ್ಡ್ ಆಡಿಸಬೇಕು, ಇದನ್ನು ಇಬ್ಬರಿಗೂ ಮೊದಲೇ ತಿಳಿಸಿ. 22ರ ನಂತರದ ರಾಣಿಯ ನಿಯಮವನ್ನೂ.

ಅಂಬರನಾಥ ಬಿಳಿಕಾಯಿ:
ಇದೇ ಲೀಗಿನ ಎರಡನೆಯ ವಿಭಾಗದಲ್ಲಿ ನಾನು ಮೂರನೆಯ ಸ್ಥಾನದಲ್ಲಿದ್ದೇನೆ. ಎರಡನೆಯವರು ಎರಡು ವಾಕ್‌ಓವರ್ ಪಡೆದಿದ್ದಾರೆ, ನಮ್ಮಿಬ್ಬರ ಅಂಕ ಸಮ. ನಮ್ಮ ಹಾಳೆಯಲ್ಲಿಯೂ ಅವನ್ನು 25–0 ಎಂದೇ ಬರೆಯಲಾಗಿದೆಯೇ ಎಂಬುದನ್ನು ಭಾನುವಾರಕ್ಕೆ ಮುನ್ನ ತಿಳಿಸಬೇಕೆಂದು ವಿನಂತಿ.