ಪದಚರ್ಚೆ: ಇನ್ನೊಂದು ಜಗತ್ತಿನ 'ಅದೇ ಮನುಷ್ಯ'ನನ್ನು ಏನೆಂದು ಕರೆಯೋಣ?

ಎಲ್ಲರಿಗೂ ನಮಸ್ಕಾರ.

ಕೊಪ್ಪಳದಲ್ಲಿ ನಾವು ಕೆಲವು ಗೆಳೆಯರು ಸೇರಿ ಪಿಯುಸಿ, ಡಿಗ್ರಿ ಓದುವ ಮಕ್ಕಳ ಜೊತೆ ವಿಜ್ಞಾನ ಕಥೆಯ ಟಿವಿ ಸರಣಿಗಳ ಬಗ್ಗೆ ಮಾತುಕತೆ ನಡೆಸುತ್ತಿದ್ದೇವೆ. ಅದಕ್ಕೆ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಈ ಸಲದ ವಿಷಯ ಇದು: ನಮ್ಮ ಜಗತ್ತಿನ ಹಾಗೇ ಇನ್ನೊಂದು ಜಗತ್ತು, ಅಲ್ಲಿ ನಮ್ಮದೇ ಮುಖ, ನಮ್ಮದೇ ಹೆಸರು ಇರುವ ಇನ್ನೊಬ್ಬರು. ಇಂಥ ಕಥೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಬರೆಯಲು ಕೂತರೆ ಎರಡು ಪದ ಬೇಕು. ಆ ಜಗತ್ತಿಗೆ ಒಂದು, ಅಲ್ಲಿರುವ ಆ ಮನುಷ್ಯನಿಗೆ ಒಂದು. ಸಾಮಾನ್ಯವಾಗಿ ಕಾಣಸಿಗುವುದು 'ಸಮಾನಾಂತರ ವಿಶ್ವ' ಮತ್ತು 'ತದ್ರೂಪಿ'. ಎರಡೂ ನನಗೆ ಒಗ್ಗುತ್ತಿಲ್ಲ. ಪದ ಚೆಂದವಿಲ್ಲ ಅಂತಲ್ಲ. ಈ ಪದ ಹಾಕಿದರೆ ಕಥೆಯ ಮುಖ್ಯ ಪ್ರಶ್ನೆಯೇ ಮುಚ್ಚಿಹೋಗುತ್ತದೆ.

ಮೊದಲು ಮನುಷ್ಯನ ವಿಷಯ. 'ತದ್ರೂಪಿ' ಅಂದರೆ ಅದೇ ರೂಪದವನು. ಕ್ಲೋನಿಂಗ್ ಬಗ್ಗೆ ಬರೆಯುವಾಗಲೂ ನಾವು ಇದೇ ಪದ ಬಳಸುತ್ತೇವೆ. 1996ರಲ್ಲಿ ಹುಟ್ಟಿದ ಡಾಲಿ ಕುರಿ ತದ್ರೂಪಿ. ಆದರೆ ಡಾಲಿಗೆ ಜೀವಕೋಶ ಕೊಟ್ಟ ಕುರಿಗೆ ಆಗಲೇ ಆರು ವರ್ಷ. ಅಂದರೆ ತದ್ರೂಪಿ ಯಾವಾಗಲೂ ಮೂಲಕ್ಕಿಂತ ಚಿಕ್ಕದು. ಮೂಲದ ಬದುಕಿನ ನೆನಪು ಒಂದಿಷ್ಟೂ ಅದಕ್ಕೆ ಇರುವುದಿಲ್ಲ. ಟಿವಿ ಕಥೆಯ ಆ ಇನ್ನೊಬ್ಬ ಹಾಗಲ್ಲ. ಅವನಿಗೂ ಅದೇ ವಯಸ್ಸು. ಎಷ್ಟೋ ಸಲ ಅದೇ ಬಾಲ್ಯ, ಅದೇ ಅಮ್ಮನ ನೆನಪು. ಈ ಇಬ್ಬರನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿದರೆ ಓದುವ ಹುಡುಗನಿಗೆ ಗೊಂದಲವಾಗುತ್ತದೆ.

'ಪ್ರತಿರೂಪ' ಹೇಗೆ? ಇಲ್ಲಿ 'ಪ್ರತಿ' ಎರಡು ಕೆಲಸ ಮಾಡುತ್ತದೆ. ಪುಸ್ತಕದ ಪ್ರತಿ ಅಂದಾಗ ನಕಲು. ಪ್ರತಿವಾದಿ, ಪ್ರತಿಪಕ್ಷ ಅಂದಾಗ ಎದುರಾಳಿ. ಯಾವ ಅರ್ಥ ಹಿಡಿದರೂ ಒಬ್ಬ ಮೊದಲನೆಯವನು, ಇನ್ನೊಬ್ಬ ಅವನಿಂದ ಬಂದವನು ಅಥವಾ ಅವನ ವಿರುದ್ಧ ನಿಂತವನು ಅಂತಾಗುತ್ತದೆ. ನಮ್ಮ ಮಾತುಕತೆಯಲ್ಲಿ ಒಬ್ಬ ಹುಡುಗ ಕೇಳಿದ, "ಸರ, ಹಂಗಾದ್ರ ಅಂವ ಡುಪ್ಲಿಕೇಟ್ ಏನ್ರಿ?" ಪ್ರಶ್ನೆ ಸರಿಯಾಗಿಯೇ ಇದೆ. ನಮ್ಮ ಕಡೆ ಡುಪ್ಲಿಕೇಟ್ ಅಂದರೆ ಕಳಪೆ, ಮೋಸದ್ದು. ಡುಪ್ಲಿಕೇಟ್ ಬೀಜ, ಡುಪ್ಲಿಕೇಟ್ ಗೊಬ್ಬರ ಅಂತೀವಲ್ಲ, ಹಾಗೆ. ಆ ಪದ ಬಾಯಿಗೆ ಬಂದ ಕೂಡಲೇ ಆಚೆಯವನಿಗೆ ಬದುಕುವ ಹಕ್ಕು ಅರ್ಧ ಹೋಯಿತು. ಈ ಬಗೆಯ ಒಳ್ಳೆಯ ಕಥೆಗಳೆಲ್ಲ ಹೇಳುವುದು ಇದನ್ನೇ: ಅವನು ನಕಲಿ ಅಲ್ಲ. ತನ್ನ ಜಗತ್ತಿನಲ್ಲಿ ಅವನೇ ಅಸಲಿ, ನೀನೇ ಇನ್ನೊಬ್ಬ.

ನಮ್ಮ ಭಾಷೆಗೆ ಜೋಡಿ ಮನುಷ್ಯರು ಹೊಸಬರಲ್ಲ. ಅವಳಿ-ಜವಳಿ ಇದ್ದಾರೆ. ಸಿನಿಮಾದಲ್ಲಿ 'ಡಬಲ್ ಆಕ್ಟಿಂಗ್' ಇದೆ. ಹೊಡೆದಾಟದ ಸೀನಿಗೆ 'ಡೂಪ್' ಹಾಕುತ್ತಾರೆ. 'ಥೇಟ್ ಅವರಪ್ಪ' ಅಂತೀವಿ, 'ಅಚ್ಚೊತ್ತಿದಂಗ ಅದಾನ' ಅಂತೀವಿ. ಲೋಕದಲ್ಲಿ ಒಬ್ಬರ ಹಾಗೆ ಏಳು ಜನ ಇರ್ತಾರೆ ಅನ್ನುವ ಮಾತು ಎಲ್ಲರೂ ಕೇಳಿದ್ದೇ. ರಾಯಚೂರಿನ ಉರ್ದು ಮನೆಮಾತಿನವರ ಹತ್ತಿರ 'ಹಮ್‌ಶಕಲ್' ಇದೆ. ಇವೆಲ್ಲ ಒಂದೇ ಅಲ್ಲ ಅನ್ನುವುದನ್ನು ಗಮನಿಸಿ. ಆ ಜೋಡಿ ಹೇಗೆ ಉಂಟಾಯಿತು ಅನ್ನುವುದರ ಮೇಲೆ ಪದ ಬದಲಾಗುತ್ತದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದರೆ ಅವಳಿ, ವೇಷ ಕಟ್ಟಿದರೆ ಡೂಪ್, ಒಬ್ಬನೇ ನಟ ಎರಡು ಪಾತ್ರ ಮಾಡಿದರೆ ದ್ವಿಪಾತ್ರ.

ಪುರಾಣದಲ್ಲೂ ಹಾಗೇ. ನಳನ ಕಥೆಯಲ್ಲಿ ನಾಲ್ಕು ಜನ ದೇವತೆಗಳು ನಳನ ರೂಪ ತಾಳಿ ಸ್ವಯಂವರಕ್ಕೆ ಬರುತ್ತಾರೆ. ದಮಯಂತಿ ಗುರುತು ಹಿಡಿಯುವುದು ಹೇಗೆ? ದೇವತೆಗಳು ಬೆವರುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ, ಪಾದ ನೆಲಕ್ಕೆ ತಾಗುವುದಿಲ್ಲ, ನೆರಳು ಬೀಳುವುದಿಲ್ಲ. ಅಲ್ಲಿ ಒಬ್ಬ ನಿಜ, ಉಳಿದವರು ವೇಷ. ನಮಗೆ ಬೇಕಾದ ಜೋಡಿ ಬೇರೆ. ಇಬ್ಬರೂ ಬೆವರುತ್ತಾರೆ, ಇಬ್ಬರಿಗೂ ನೆರಳಿದೆ. ಯೋಗವಾಸಿಷ್ಠ ಎಂಬ ಹಳೆಯ ಸಂಸ್ಕೃತ ಗ್ರಂಥದ ಲೀಲೆಯ ಕಥೆ ಇದಕ್ಕೆ ಹತ್ತಿರ ಬರುತ್ತದೆ. ಸತ್ತ ಗಂಡ ಪದ್ಮರಾಜ ಇನ್ನೊಂದು ಜಗತ್ತಿನಲ್ಲಿ ವಿದೂರಥ ಎಂಬ ರಾಜನಾಗಿ ಬದುಕಿರುವುದನ್ನು ರಾಣಿ ಲೀಲೆ ನೋಡುತ್ತಾಳೆ. ಅಲ್ಲಿ ಅವನ ರಾಣಿಯೂ ಲೀಲೆಯೇ, ಅದೇ ರೂಪದವಳೇ. ಆ ಕಥೆ ಇಬ್ಬರಿಗೂ ಒಂದೇ ಹೆಸರು ಕೊಟ್ಟಿದೆ, ಯಾರನ್ನೂ ಸುಳ್ಳು ಅನ್ನುವುದಿಲ್ಲ. ಇದು ನನಗೆ ತುಂಬ ಇಷ್ಟವಾದ ವಿಷಯ.

ಈಗ ನಂಬಿಕೆಯ ಮಾತಿಗೆ ಬರುತ್ತೇನೆ. ಪದ ಆರಿಸಲು ಇದು ಬೇಕೇ ಬೇಕು.

ಬಾಹ್ಯಾಕಾಶ ಹಡಗೊಂದರ ಸಿಬ್ಬಂದಿಯ ಕಥೆ ಹೇಳುವ 'ಸ್ಟಾರ್ ಟ್ರೆಕ್' ಸರಣಿಯಲ್ಲಿ 1967ರ ಅಕ್ಟೋಬರಿನಲ್ಲಿ ಬಂದ ಒಂದು ಕಂತು ಈ ಬಗೆಯ ಕಥೆಗಳಿಗೆ ದಾರಿ ಹಾಕಿಕೊಟ್ಟಿತು. ಕ್ಯಾಪ್ಟನ್ ಕರ್ಕ್ ಮತ್ತು ಮೂವರು ಜೊತೆಗಾರರು ಕ್ರೂರ ಸಾಮ್ರಾಜ್ಯವೊಂದು ಆಳುವ ಜಗತ್ತಿಗೆ ಹೋಗಿಬೀಳುತ್ತಾರೆ. ಅಲ್ಲೂ ಅದೇ ಹಡಗು, ಅದೇ ಸಿಬ್ಬಂದಿ. ಕರ್ಕ್‌ನ ಕೈಕೆಳಗಿನ ಅಧಿಕಾರಿ ಸ್ಪಾಕ್‌ಗೆ ಮಾತ್ರ ಅಲ್ಲಿ ಗಡ್ಡ ಇದೆ. 2005ರಲ್ಲಿ ಅದೇ ಬಳಗದ 'ಎಂಟರ್‌ಪ್ರೈಸ್' ಸರಣಿ ಇದಕ್ಕೆ ಹಿಂದಿನ ಕಥೆ ಕೊಟ್ಟಿತು. 2063ರಲ್ಲಿ ವಲ್ಕನ್ನರು ಎಂಬ ಅನ್ಯಗ್ರಹದವರು ಭೂಮಿಗೆ ಬಂದು ಇಳಿದಾಗ ಇಲ್ಲಿ ಕೈಕುಲುಕಿದರೆ ಅಲ್ಲಿ ಗುಂಡು ಹೊಡೆಯುತ್ತಾರೆ. ಕರ್ಕ್ ಹುಟ್ಟುವುದು 2233ರಲ್ಲಿ. ಅಂದರೆ 170 ವರ್ಷ ಬೇರೆ ಬೇರೆ ಚರಿತ್ರೆ ನಡೆದ ಮೇಲೂ ಎರಡೂ ಕಡೆ ಅದೇ ಮಗು ಹುಟ್ಟಬೇಕು. ಅವನ ಹಡಗಿನಲ್ಲಿರುವ ಪ್ರತಿಯೊಬ್ಬರೂ ಹಾಗೇ ಹುಟ್ಟಬೇಕು.

ಇದು ಆಗುವ ಮಾತಾ? ಲೆಕ್ಕ ನೋಡಿ. ನಮಗೆ 23 ಜೊತೆ ವರ್ಣತಂತುಗಳಿವೆ (ಕ್ರೋಮೋಸೋಮ್). ಪ್ರತಿ ಜೊತೆಯಿಂದ ಒಂದನ್ನು ಮಗುವಿಗೆ ಕೊಡುತ್ತೇವೆ. ಯಾವುದು ಹೋಗುತ್ತದೆ ಅನ್ನುವುದು ಆಕಸ್ಮಿಕ. ಒಬ್ಬರಿಂದಲೇ 83,88,608 ಬಗೆಯ ಜೋಡಣೆ ಸಾಧ್ಯ. ಅಪ್ಪ ಅಮ್ಮ ಇಬ್ಬರದನ್ನೂ ಸೇರಿಸಿದರೆ ಸುಮಾರು 70 ಲಕ್ಷ ಕೋಟಿ. ವರ್ಣತಂತುಗಳು ತುಂಡು ತುಂಡಾಗಿ ಅದಲುಬದಲಾಗುವುದನ್ನು ಇಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ. ಗರ್ಭ ನಿಲ್ಲುವ ಗಳಿಗೆ ಒಂಚೂರು ಹಿಂದುಮುಂದಾದರೆ ಸಾಕು, ಹುಟ್ಟುವುದು ನೀವಲ್ಲ. ನಿಮ್ಮ ಅಣ್ಣನಂಥ, ತಂಗಿಯಂಥ ಬೇರೆ ಯಾರೋ. ಒಂದು ತಲೆಮಾರಿಗೇ ಇಷ್ಟು. ಐದಾರು ತಲೆಮಾರು ದಾಟಿ, ಅಷ್ಟೂ ಜನರಿಗೆ ಅದೇ ಜೋಡಣೆ ಸಿಗುವುದು ಸಾಧ್ಯವೇ ಇಲ್ಲ ಅನ್ನುವಷ್ಟು ದೂರ.

ಸಣ್ಣ ವ್ಯತ್ಯಾಸ ಬೇಗ ದೊಡ್ಡದಾಗುತ್ತದೆ ಅನ್ನುವುದೂ ಗೊತ್ತಿರುವ ವಿಷಯ. 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಹವಾಮಾನದ ಲೆಕ್ಕವನ್ನು ಕಂಪ್ಯೂಟರಿಗೆ ಮತ್ತೆ ಕೊಡುವಾಗ 0.506127 ಬದಲು 0.506 ಅಂತ ಹಾಕಿದ. ಸ್ವಲ್ಪ ಹೊತ್ತಿಗೆ ಬಂದ ಹವೆ ಪೂರ್ತಿ ಬೇರೆಯೇ ಆಗಿತ್ತು.

'ಕೌಂಟರ್‌ಪಾರ್ಟ್' ಎಂಬ ಸರಣಿ ಈ ತೊಡಕನ್ನು ಜಾಣತನದಿಂದ ಬಿಡಿಸಿಕೊಂಡಿದೆ. 2017ರ ಕೊನೆಗೆ ಶುರುವಾಗಿ 2019ರಲ್ಲಿ ಮುಗಿದ ಇದರಲ್ಲಿ ಜೆ. ಕೆ. ಸಿಮನ್ಸ್ ಇಬ್ಬರು ಹೋವರ್ಡ್ ಸಿಲ್ಕ್‌ರ ಪಾತ್ರ ಮಾಡಿದ್ದಾರೆ. ಬರ್ಲಿನ್‌ನಲ್ಲಿ 1987ರಲ್ಲಿ ಒಂದು ಪ್ರಯೋಗದಿಂದ ಜಗತ್ತು ಎರಡಾಗುತ್ತದೆ. ಅಲ್ಲಿಯವರೆಗೆ ಒಂದೇ ಜಗತ್ತು, ಒಬ್ಬನೇ ಹೋವರ್ಡ್. ಆಮೇಲೆ ಇಬ್ಬರು. ಹಾಗಾಗಿ ವರ್ಣತಂತುವಿನ ಪ್ರಶ್ನೆಯೇ ಏಳುವುದಿಲ್ಲ. ಆಗಲೇ ಹುಟ್ಟಿದವರಿಗೆ ಜೋಡಿ ಇದ್ದೇ ಇದೆ. ತಡವಾಗಿ ಹುಟ್ಟಿದವರಿಗೆ ಇರಬೇಕೆಂದಿಲ್ಲ. ನಮ್ಮ ಮಕ್ಕಳಿಗೆ ಇದನ್ನು ಹೇಳಲು ನಾನು ನಮ್ಮ ಜಿಲ್ಲೆಯನ್ನೇ ತೆಗೆದುಕೊಂಡೆ. 1997ರಲ್ಲಿ ರಾಯಚೂರು ಜಿಲ್ಲೆ ಒಡೆದು ಕೊಪ್ಪಳ ಜಿಲ್ಲೆಯಾಯಿತು. ಅದಕ್ಕೂ ಮುಂಚಿನ ಕಾಗದಪತ್ರಗಳಲ್ಲಿ ನಮ್ಮೂರಿನ ಪಕ್ಕ 'ರಾಯಚೂರು ಜಿಲ್ಲೆ' ಅಂತಲೇ ಇರುತ್ತದೆ. ಆ ಹಳೆಯ ಚರಿತ್ರೆ ಇಬ್ಬರದ್ದೂ. ಹಳೆಯ ಹೆಸರು ಒಂದು ಕಡೆ ಉಳಿಯಿತು ಅಂದ ಮಾತ್ರಕ್ಕೆ ಇನ್ನೊಂದು ನಕಲಾಗಲಿಲ್ಲ.

ಇಲ್ಲಿಂದ ಜಗತ್ತಿನ ಹೆಸರಿಗೆ ಬರೋಣ. ನಮ್ಮ ಗಣಿತದ ಪುಸ್ತಕದಲ್ಲಿ 'ಸಮಾಂತರ ರೇಖೆ' ಇದೆ. ಎರಡು ರೇಖೆ, ಎಷ್ಟು ಎಳೆದರೂ ಕೂಡುವುದಿಲ್ಲ, ಹಿಂದಕ್ಕೆ ಎಳೆದರೂ ಕೂಡುವುದಿಲ್ಲ. ಅಂದರೆ ಎರಡಕ್ಕೂ ಒಂದೇ ಮೂಲ ಇಲ್ಲ. 'ಕೌಂಟರ್‌ಪಾರ್ಟ್'ನ ಜಗತ್ತುಗಳಿಗೆ ಒಂದೇ ಮೂಲ ಇದೆ. ಹಾಗಾದರೆ ಅವು ಸಮಾಂತರ ಹೇಗಾದವು?

ಭೌತಶಾಸ್ತ್ರದಲ್ಲಿ ಇಂಥ ಕಥೆಗಳಿಗೆ ಬಲ ಕೊಟ್ಟವನು ಹ್ಯೂ ಎವರೆಟ್. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಓದಿದ ಅವನ ಪ್ರಬಂಧ 1957ರಲ್ಲಿ ಬಂತು. ಒಂದು ಎಲೆಕ್ಟ್ರಾನನ್ನು ಅಳೆದಾಗ ಎರಡು ಫಲಿತಾಂಶ ಸಾಧ್ಯವಿದ್ದರೆ ಒಂದು ಉಳಿದು ಇನ್ನೊಂದು ಅಳಿಯುವುದಿಲ್ಲ, ಎರಡೂ ಮುಂದುವರಿಯುತ್ತವೆ ಅನ್ನುವುದು ಅವನ ವಾದ. ಅಳೆದವನೂ ಎರಡಾಗಿ ಮುಂದುವರಿಯುತ್ತಾನೆ. 1970ರಲ್ಲಿ ಬ್ರೈಸ್ ಡಿವಿಟ್ ಎಂಬ ಭೌತವಿಜ್ಞಾನಿ ಇದನ್ನು ಹೆಚ್ಚು ಜನರಿಗೆ ತಲುಪಿಸಿದ. ಅದೇ ವರ್ಷ ಇನ್ನೊಬ್ಬ ಭೌತವಿಜ್ಞಾನಿ ಡೀಟರ್ ಝೇ ಈ ಕವಲುಗಳು ಯಾಕೆ ಒಂದಕ್ಕೊಂದು ತಾಗುವುದಿಲ್ಲ ಅನ್ನುವುದಕ್ಕೆ ದಾರಿ ತೋರಿಸಿದ. ಸುತ್ತಲಿನ ಕೋಟ್ಯಂತರ ಕಣಗಳ ಜೊತೆ ಬೆರೆತುಹೋದ ಮೇಲೆ ಒಂದು ಕವಲಿಗೆ ಇನ್ನೊಂದರ ಸುಳಿವು ಸಿಗುವುದಿಲ್ಲ. ಇದನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ಒಪ್ಪಿದರೂ ಟಿವಿಯಲ್ಲಿ ತೋರಿಸುವ ಬಾಗಿಲು, ಸುರಂಗ, ಸೇತುವೆ ಇದರಿಂದ ಬರುವುದಿಲ್ಲ. ಅವು ಕಥೆಗಾರರ ಸ್ವಾತಂತ್ರ್ಯ. ಅವನ್ನು ಬಿಟ್ಟುಕೊಡೋಣ, ಇಲ್ಲದಿದ್ದರೆ ಕಥೆಯೇ ಇಲ್ಲ.

ಕವಲುಗಳು ಲೆಕ್ಕವಿಲ್ಲದಷ್ಟು ಇದ್ದರೆ ಗಡ್ಡದ ಸ್ಪಾಕ್ ಇರುವ ಕವಲೂ ಎಲ್ಲೋ ಒಂದಿರಬಹುದಲ್ಲ ಅಂತ ಯಾರಾದರೂ ಕೇಳಬಹುದು. ಇರಬಹುದು. ಆದರೆ ಅಷ್ಟರಲ್ಲಿ ಸರಿಯಾಗಿ ಅದೊಂದಕ್ಕೇ, ಅದೂ ಮತ್ತೆ ಮತ್ತೆ ಹೋಗಿ ಬೀಳುವುದು ಯಾಕೆ? ಅದಕ್ಕೆ ಕಾರಣ ಕೊಡದ ಕಥೆ ನನಗೆ ಸಡಿಲ ಅನ್ನಿಸುತ್ತದೆ.

ನೋಡಿ, ಎವರೆಟ್‌ನ ಮಾತನ್ನು ಕನ್ನಡದಲ್ಲಿ ಬರೆಯುವಾಗ 'ಕವಲು' ತಾನಾಗೇ ಬಂತು. ಕವಲುದಾರಿ, ಕವಲುಗಾಲುವೆ ಎಲ್ಲರಿಗೂ ಗೊತ್ತು. ಒಂದಾಗಿದ್ದದ್ದು ಎರಡಾಯಿತು ಅನ್ನುವ ಅರ್ಥ ಪದದಲ್ಲೇ ಇದೆ. ಹಾಗಾಗಿ ಹಂಚಿಕೊಂಡ ಹಿಂದಿನ ಕಾಲ ಇರುವ ಕಥೆಗೆ 'ಕವಲು ಜಗತ್ತು' ಅನ್ನೋಣ ಅಂತ ನನ್ನ ಸಲಹೆ. ಯಾವ ಕಾರಣವೂ ಇಲ್ಲದೆ ಜೊತೆಜೊತೆಗೆ ಸಾಗುವ ಸ್ಟಾರ್ ಟ್ರೆಕ್ ಥರದ್ದಕ್ಕೆ 'ಸಮಾಂತರ' ಇರಲಿ, ಅಥವಾ 'ಕನ್ನಡಿ ಜಗತ್ತು' ಅನ್ನಬಹುದು.

'ವಿಶ್ವ' ಬೇಡ ಅನ್ನಿಸಿತು. ವಿಶ್ವ ಅಂದರೆ ಎಲ್ಲವೂ. ಎಲ್ಲವೂ ಎರಡು ಹೇಗಾಗುತ್ತದೆ? 'ಲೋಕ' ಚೆನ್ನಾಗಿತ್ತು, ಹದಿನಾಲ್ಕು ಲೋಕ ಎಣಿಸಿ ಅಭ್ಯಾಸವಿರುವ ಭಾಷೆ ನಮ್ಮದು. ಆದರೆ 'ಆಚೆ ಲೋಕ' ಅಂದ ಕೂಡಲೇ ನಮ್ಮ ಅಜ್ಜಿಯಂದಿರಿಗೆ ಸತ್ತವರ ನೆನಪಾಗುತ್ತದೆ. ಅದಕ್ಕೇ 'ಜಗತ್ತು'.

ಈಗ ಆ ಮನುಷ್ಯನಿಗೆ ಮತ್ತೆ ಬರುತ್ತೇನೆ. 'ಫ್ರಿಂಜ್' (2008ರಿಂದ 2013) ಸರಣಿಯಲ್ಲಿ ವಾಲ್ಟರ್ ಎಂಬ ವಿಜ್ಞಾನಿ 1985ರಲ್ಲಿ ಇನ್ನೊಂದು ಜಗತ್ತಿಗೆ ದಾಟಿ, ಅಲ್ಲಿಯ ವಾಲ್ಟರ್‌ನ ಮಗನನ್ನು ಕರೆದುಕೊಂಡು ಬರುತ್ತಾನೆ. ಆ ಜಗತ್ತಿನಲ್ಲಿ ನ್ಯೂಯಾರ್ಕಿನ ಜೋಡಿ ಗೋಪುರಗಳು ಇನ್ನೂ ನಿಂತಿವೆ. ಲಿಬರ್ಟಿ ಪ್ರತಿಮೆ ಹಸಿರಾಗದೆ ತಾಮ್ರದ ಬಣ್ಣದಲ್ಲೇ ಉಳಿದಿದೆ. ಪಾತ್ರಗಳು ಆ ಜಗತ್ತನ್ನು 'ಆಚೆ ಕಡೆ' ಅನ್ನುವ ಅರ್ಥದಲ್ಲೇ ಕರೆಯುತ್ತವೆ. 'ಕೌಂಟರ್‌ಪಾರ್ಟ್'ನಲ್ಲೂ ತನ್ನ ಜೋಡಿಯನ್ನು 'ಇನ್ನೊಬ್ಬ' ಅನ್ನುತ್ತಾರೆ. ಎರಡೂ ಕನ್ನಡಕ್ಕೆ ಸುಮ್ನೆ ಹಾಗೇ ಕೂಡುತ್ತವೆ: ಈಚೆಯ ವಾಲ್ಟರ್, ಆಚೆಯ ವಾಲ್ಟರ್, ಈಚೆಯವನು, ಆಚೆಯವನು. ಇದರಲ್ಲಿ ಅಸಲಿ-ನಕಲಿ ಇಲ್ಲ. ಆಚೆ ನಿಂತು ನೋಡಿದರೆ ನಾವೇ ಆಚೆಯವರು. ಟಿಪ್ಪಣಿಯಲ್ಲಿ ಸದ್ಯಕ್ಕೆ ಇದನ್ನೇ ಹಾಕಿದ್ದೇನೆ.

ನನಗೆ ಬಗೆಹರಿಯದಿರುವುದು ಒಂದಿದೆ. ಇಬ್ಬರು ಹೋವರ್ಡ್‌ಗಳು ಮೊದಲ ಸಲ ಎದುರಾದಾಗ ಕನ್ನಡದಲ್ಲಿ ಹೇಗೆ ಮಾತಾಡಬೇಕು? ತನಗೆ ತಾನೇ 'ನೀವು' ಅಂತ ಯಾರೂ ಅನ್ನುವುದಿಲ್ಲ. ಆದರೆ ಈಚೆಯ ಹೋವರ್ಡ್ ಮೆತ್ತಗಿನ ಮನುಷ್ಯ, ಕಚೇರಿಯ ಕೆಳಗಿನ ನೌಕರ. ಆಚೆಯವನು ಗಡಸು, ಅಧಿಕಾರ ನಡೆಸಿದವನು. ಮೆತ್ತಗಿನವನು 'ನೀವು' ಅಂತ ಶುರು ಮಾಡಿ, ಕಂತು ಕಳೆದಂತೆ 'ನೀನು'ಗೆ ಬಂದರೆ ಹೇಗೆ? ಗಡಸಿನವನು ಮೊದಲಿಂದಲೂ 'ನೀನು' ಅಂತಾನೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ತಿಳಿದವರು ಮೂರು ವಿಷಯಕ್ಕೆ ಉತ್ತರ ಬರೆಯಿರಿ. 'ಕವಲು ಜಗತ್ತು' ಎಲ್ಲಾದರೂ ಬಳಕೆಯಲ್ಲಿ ಬಂದಿದೆಯಾ? 'ಆಚೆಯವನು' ಅಂದರೆ ನಿಮ್ಮ ಊರಲ್ಲಿ ಬೇರೆ ಅರ್ಥ ಏನಾದರೂ ಬರುತ್ತದಾ? ಸಿಂಧನೂರು, ಸಿರುಗುಪ್ಪ ಕಡೆ ಕನ್ನಡ-ತೆಲುಗು ಎರಡೂ ಆಡುವ ಮನೆಗಳಲ್ಲಿ ಒಂದೇ ಥರ ಕಾಣುವ ಇಬ್ಬರಿಗೆ ಏನಂತಾರೆ? ಹೋವರ್ಡ್‌ನ 'ನೀವು-ನೀನು' ಬಗ್ಗೆ ಅನುವಾದ ಮಾಡಿ ಅನುಭವ ಇರುವವರು ಹೇಳಿದರೆ ಅದನ್ನು ಟಿಪ್ಪಣಿಯಲ್ಲಿ ಸೇರಿಸಿಕೊಳ್ಳುತ್ತೇನೆ.