ಸಹಾಯ ಬೇಕು: ವಿಬಿ 6 ಕಾಂಪೊನೆಂಟ್ ಅನ್ನು ಡಾಟ್‌ನೆಟ್ 8ರಿಂದ ಬಳಸುವ ಬಗ್ಗೆ

ಮಾನ್ಯರೇ, ಬದಿಯಡ್ಕ ಸಮೀಪದ ಸಹಕಾರಿ ಸಂಘವೊಂದರ ಅಡಿಕೆ ಖರೀದಿಯ ಲೆಕ್ಕವನ್ನು ವಿಷುವಲ್ ಬೇಸಿಕ್ 6ರಲ್ಲಿ ಬರೆದ ಕಾಮ್ ಡಿಎಲ್‌ಎಲ್ (ಬೇರೆ ಪ್ರೋಗ್ರಾಂಗಳು ಕರೆದು ಬಳಸಬಹುದಾದ ಕೋಡ್ ಕಡತ) ಒಂದು ಇಂದಿಗೂ ನಿಖರವಾಗಿ ಮಾಡುತ್ತಿದೆ. ಮೂಲ ಕೋಡ್ ಲಭ್ಯವಿಲ್ಲದ ಕಾರಣ ಅದನ್ನು ಹಾಗೆಯೇ ಉಳಿಸಿಕೊಂಡು ಮೈಕ್ರೋಸಾಫ್ಟ್‌ನ ಡಾಟ್‌ನೆಟ್ 8 ವೇದಿಕೆಯಲ್ಲಿ ಬರೆದ ಹೊಸ ಸೇವೆಯಿಂದ ಕರೆಯಬೇಕಾಗಿದೆ. ಇವೆರಡನ್ನೂ ಬೆಸೆಯುವ ಇಂಟರಾಪ್ ಅಸೆಂಬ್ಲಿ ಸಿದ್ಧವಾಗಿದೆ. ಆದರೆ 32 ಬಿಟ್‌ನ ಡಿಎಲ್‌ಎಲ್ 64 ಬಿಟ್ ಪ್ರೊಸೆಸ್‌ನೊಳಗೆ ಲೋಡ್ ಆಗುವುದಿಲ್ಲ. ಅದೊಂದಕ್ಕಾಗಿ ಇಡೀ ಸೇವೆಯನ್ನೇ 32 ಬಿಟ್‌ಗೆ ಇಳಿಸುವುದಕ್ಕಿಂತ ಡಿಎಲ್‌ಎಲ್‌ಹೋಸ್ಟ್ ಸರೊಗೇಟ್‌ನಲ್ಲಿ (ಡಿಎಲ್‌ಎಲ್ ಅನ್ನು ತನ್ನೊಳಗೆ ನಡೆಸುವ ವಿಂಡೋಸ್‌ನ ಬೇರೊಂದು ಪ್ರೊಸೆಸ್‌ನಲ್ಲಿ) ಪ್ರತ್ಯೇಕವಾಗಿ ನಡೆಸುವುದೇ ಲೇಸೆಂದು ನನ್ನ ಅಭಿಪ್ರಾಯ. ಆದರೆ ಕಾಂಪೊನೆಂಟ್ ಎಸ್‌ಟಿಎ (ಕರೆಗಳನ್ನು ಒಂದೇ ಥ್ರೆಡ್‌ನಲ್ಲಿ ನಡೆಸುವ) ಮಾದರಿಯದಾದ್ದರಿಂದ, ಖರೀದಿಯ ದಿನಗಳಲ್ಲಿ ಏಕಕಾಲಕ್ಕೆ ಬರುವ ಕರೆಗಳು ಒಂದರ ಹಿಂದೊಂದು ಕಾಯಬೇಕಾದೀತೆಂಬ ಆತಂಕವಿದೆ. ಇದನ್ನು ನಿಭಾಯಿಸಿದವರು ದಯವಿಟ್ಟು ಮಾರ್ಗ ತೋರಿಸಬೇಕು.

ಇನ್ನೊಂದು ವಿಷಯ: ಸದಸ್ಯರ ಕನ್ನಡ ಹೆಸರುಗಳು ಯೂನಿಕೋಡ್‌ಪೂರ್ವದ ‘ನುಡಿ’ ತಂತ್ರಾಂಶದ ಅಕ್ಷರ ಸಂಕೇತದಲ್ಲಿದ್ದು, ಹೊರಬರುವಾಗ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತವೆ. ಒತ್ತಕ್ಷರ, ಅರ್ಕಾವೊತ್ತುಗಳು ಕೆಡದಂತೆ ಯೂನಿಕೋಡ್‌ಗೆ ಪರಿವರ್ತನೆಯನ್ನು ಡಿಎಲ್‌ಎಲ್ ಅನ್ನು ಕರೆಯುವ ಹೊದಿಕೆಯ ಪದರದಲ್ಲೇ (ರ‍್ಯಾಪರ್) ಮಾಡುವುದು ಉಚಿತವೇ, ಅಥವಾ ದತ್ತಾಂಶವನ್ನೇ ಮೊದಲು ಬದಲಿಸಬೇಕೇ?